ಎಲುಬಿನ ಇಂಜೆಕ್ಷನ್ ಆದವರು ಹಲ್ಲು ಕೀಳಿಸುವ ಮೊದಲು

ಮಳೆಗಾಲ ಬಂತೆಂದರೆ ನಮ್ಮ ಮಂಗಳೂರು, ಉಡುಪಿ ಕಡೆಯ ಅಂಗಳಗಳಲ್ಲಿ ಹಾವಸೆ ಕಟ್ಟುತ್ತದೆ. ಬಾವಿಕಟ್ಟೆಯ ಹತ್ತಿರ, ಬಚ್ಚಲಿಗೆ ಹೋಗುವ ದಾರಿಯಲ್ಲಿ ವಯಸ್ಸಾದವರು ಜಾರಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ, ಆಪರೇಶನ್ ಆಗುತ್ತದೆ. ಮನೆಗೆ ಕಳಿಸುವಾಗ ಡಾಕ್ಟರು "ಎಲುಬು ಸವೆದಿದೆ, ಇನ್ನೊಂದು ಮೂಳೆ ಮುರಿಯದ ಹಾಗೆ ಇಂಜೆಕ್ಷನ್ ಕೊಡೋಣ" ಎನ್ನುತ್ತಾರೆ. ಒಂದೆರಡು ವರ್ಷ ಕಳೆಯುತ್ತದೆ. ಆಗ ಒಂದು ಹಲ್ಲು ನೋಯಲು ಶುರುವಾಗುತ್ತದೆ. ಕೀಳಿಸುತ್ತಾರೆ. ಆ ಗಾಯ ಮಾತ್ರ ಮಾಸುವುದೇ ಇಲ್ಲ, ಅಲ್ಲಿ ದವಡೆಯ ಮೂಳೆಯ ಒಂದು ಭಾಗ ಸತ್ತುಹೋಗಿರುತ್ತದೆ.

ಸೊಂಟಕ್ಕೆಂದು ಕೊಟ್ಟ ಇಂಜೆಕ್ಷನ್‌ಗೂ ಬಾಯಿಯ ಗಾಯಕ್ಕೂ ಸಂಬಂಧ ಇರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಹೀಗಾಗುವುದು ಅಪರೂಪ, ನಿಜ. ಆದರೆ ಆದವರಿಗೆ ತಿಂಗಳುಗಟ್ಟಲೆ ಕಾಟ. ನೆಮ್ಮದಿಯ ವಿಷಯವೂ ಒಂದಿದೆ. ಹಲ್ಲಿನ ಡಾಕ್ಟರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಈ ಅಪಾಯವನ್ನು ಎಷ್ಟೋ ಕಡಿಮೆ ಮಾಡಬಹುದು.

ಯಾವ ಮದ್ದುಗಳು ಇವು?

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬಿಸ್‌ಫಾಸ್ಫೊನೇಟ್ ಗುಂಪು. ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೋನೇಟ್ ಮಾತ್ರೆ ಇದೇ ಗುಂಪಿನದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ ಎಂದು ಹೇಳಿರುತ್ತಾರಲ್ಲ, ಅದೇ. ರೈಸೆಡ್ರೋನೇಟ್, ಐಬ್ಯಾಂಡ್ರೋನೇಟ್ ಕೂಡ ಇದೇ ಜಾತಿಯವು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಝೋಲೆಡ್ರೋನಿಕ್ ಆಸಿಡ್ ಇವುಗಳಲ್ಲೆಲ್ಲ ಜಾಸ್ತಿ ಬಲದ್ದು.

ಎರಡನೆಯದು ಡೆನೋಸುಮ್ಯಾಬ್. ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚುವ 60 ಮಿಲಿಗ್ರಾಂ ಇಂಜೆಕ್ಷನ್.

ಇದೇ ಮದ್ದುಗಳನ್ನು ಕ್ಯಾನ್ಸರ್ ರೋಗಿಗಳಿಗೂ ಕೊಡುತ್ತಾರೆ. ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ, ಅಥವಾ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದ್ದಾಗ ಮೂಳೆ ಮುರಿಯದಂತೆ, ನೋವು ಕಡಿಮೆಯಾಗುವಂತೆ ಇವು ನೋಡಿಕೊಳ್ಳುತ್ತವೆ. ಅಲ್ಲಿ ಪ್ರಮಾಣವೇ ಬೇರೆ. ಮೂಳೆ ಸವೆತಕ್ಕೆ ಝೋಲೆಡ್ರೋನಿಕ್ ಆಸಿಡ್ ವರ್ಷಕ್ಕೆ 5 ಮಿಲಿಗ್ರಾಂ. ಕ್ಯಾನ್ಸರಿಗಾದರೆ ಮೂರು-ನಾಲ್ಕು ವಾರಕ್ಕೊಮ್ಮೆ, ಕೆಲವರಿಗೆ ಮೂರು ತಿಂಗಳಿಗೊಮ್ಮೆ, 4 ಮಿಲಿಗ್ರಾಂ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಗೊಂದಲ ಇಲ್ಲೇ ಪರಿಹಾರವಾಗಲಿ. ಕ್ಯಾಲ್ಸಿಯಂ ಮಾತ್ರೆಯಿಂದ, ವಾರಕ್ಕೊಮ್ಮೆ ಕುಡಿಯುವ ವಿಟಮಿನ್ ಡಿ ಪುಡಿಯಿಂದ ಈ ತೊಂದರೆ ಬರುವುದಿಲ್ಲ. ಸುಮ್ನೆ ಹೆದರಿ ಅವನ್ನು ಬಿಟ್ಟುಬಿಡಬೇಡಿ.

ಮೂಳೆಯೊಳಗೆ ನಡೆಯುವ ಕೆಲಸ

ಮೂಳೆ ಎಂದರೆ ಕಲ್ಲಿನ ಹಾಗೆ ಒಮ್ಮೆ ಗಟ್ಟಿಯಾಗಿ ಹಾಗೇ ಉಳಿಯುವ ವಸ್ತು ಎಂದು ನಾವು ಅಂದುಕೊಂಡಿರುತ್ತೇವೆ. ಅದು ಜೀವಂತ. ದಿನವೂ ಅಲ್ಲಲ್ಲಿ ಕರಗುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ.

ಹಂಚಿನ ಮನೆಯನ್ನು ನೆನಪು ಮಾಡಿಕೊಳ್ಳಿ. ಮಳೆ ಶುರುವಾಗುವ ಮೊದಲು ಮಾಡು ಹತ್ತಿ ಒಡೆದ ಹಂಚು ತೆಗೆಯುತ್ತಾರೆ, ಅಲ್ಲಿಗೆ ಹೊಸ ಹಂಚು ಇಡುತ್ತಾರೆ. ಮೂಳೆಯಲ್ಲೂ ಈ ಎರಡು ಕೆಲಸಕ್ಕೆ ಎರಡು ಬಗೆಯ ಜೀವಕೋಶಗಳಿವೆ. ಹಳತನ್ನು ತೆಗೆಯುವವು ಆಸ್ಟಿಯೋಕ್ಲಾಸ್ಟ್. ಹೊಸತನ್ನು ಕೂರಿಸುವವು ಆಸ್ಟಿಯೋಬ್ಲಾಸ್ಟ್. ಪ್ರಾಯದಲ್ಲಿ ತೆಗೆದಷ್ಟು ಇಡುತ್ತವೆ. ವಯಸ್ಸಾದ ಮೇಲೆ, ಅದರಲ್ಲೂ ಹೆಂಗಸರಿಗೆ ಮುಟ್ಟು ನಿಂತ ಮೇಲೆ, ತೆಗೆಯುವುದು ಜಾಸ್ತಿ, ಇಡುವುದು ಕಮ್ಮಿ. ಮಾಡಿನಲ್ಲಿ ಅಲ್ಲಲ್ಲಿ ತೂತು ಬೀಳುತ್ತದೆ. ಅದೇ ಮೂಳೆ ಸವೆತ, ಅಂದರೆ ಆಸ್ಟಿಯೋಪೊರೋಸಿಸ್.

ನಾವು ಹೇಳುತ್ತಿರುವ ಮದ್ದುಗಳು ಹಂಚು ತೆಗೆಯುವವರನ್ನು ಮನೆಗೆ ಕಳಿಸಿಬಿಡುತ್ತವೆ. ಇದ್ದದ್ದು ಇದ್ದ ಹಾಗೆ ಉಳಿಯುತ್ತದೆ, ಮಾಡು ಗಟ್ಟಿ ನಿಲ್ಲುತ್ತದೆ. ಆದರೆ ಒಂದು ದಿನ ತೆಂಗಿನ ಗರಿ ಬಿದ್ದು ಒಂದು ಮೂಲೆಯ ಹಂಚುಗಳು ಪುಡಿಯಾದವು ಎನ್ನಿ. ಆ ಚೂರುಗಳನ್ನು ತೆಗೆಯಲು ಈಗ ಜನವಿಲ್ಲ. ಚೂರು ತೆಗೆಯದೆ ಹೊಸ ಹಂಚು ಕೂರುವುದೂ ಇಲ್ಲ. ಹಲ್ಲು ಕಿತ್ತ ಜಾಗದಲ್ಲಿ ಆಗುವುದು ಹೆಚ್ಚುಕಡಿಮೆ ಇದೇ.

ಬೇರೆಲ್ಲೂ ಆಗದೆ ದವಡೆಗೇ ಯಾಕೆ?

ದವಡೆಯ ಮೂಳೆಗೆ ಬಿಡುವಿಲ್ಲ. ಊಟ ಮಾಡುವಾಗಲೆಲ್ಲ ಅದರ ಮೇಲೆ ಭಾರ ಬೀಳುತ್ತದೆ. ಹಾಗಾಗಿ ಕರಗುವ, ಕಟ್ಟುವ ಕೆಲಸ ಅಲ್ಲಿ ಬೇರೆ ಮೂಳೆಗಳಿಗಿಂತ ಬಹಳ ಚುರುಕು. ಎಲ್ಲಿ ಈ ಕೆಲಸ ಚುರುಕೋ ಅಲ್ಲಿಗೇ ಬಿಸ್‌ಫಾಸ್ಫೊನೇಟ್ ಹೋಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ಕಾರಣ ಹಲ್ಲು. ಕೈಕಾಲಿನ ಮೂಳೆಯ ಮೇಲೆ ಚರ್ಮ, ಕೊಬ್ಬು, ಮಾಂಸ ಎಲ್ಲ ಇದೆ. ದವಡೆಯ ಮೇಲಿರುವುದು ತೆಳ್ಳನೆಯ ವಸಡು ಮಾತ್ರ. ಅದನ್ನೂ ಸೀಳಿಕೊಂಡು ಹಲ್ಲು ಹೊರಗೆ ಬಂದಿರುತ್ತದೆ. ಬಾಯಿ ತುಂಬ ಬ್ಯಾಕ್ಟೀರಿಯಾ. ವಸಡಿನಲ್ಲಿ ಕೀವು, ಹುಳುಕು ಹಲ್ಲಿನ ಬೇರಿನಲ್ಲಿ ಸೋಂಕು ಇದ್ದರೆ ಅದು ನೇರ ಮೂಳೆಗೇ ಇಳಿಯುತ್ತದೆ. ಹಲ್ಲು ಕಿತ್ತಾಗಲಂತೂ ಮೂಳೆಗೆ ಬಾಗಿಲೇ ತೆರೆದ ಹಾಗೆ. ಹೆಚ್ಚಿನವರು "ಹಲ್ಲು ಕಿತ್ತದ್ದರಿಂದ ಹೀಗಾಯ್ತು" ಎನ್ನುತ್ತಾರೆ. ಎಷ್ಟೋ ಸಲ ಆ ಹಲ್ಲಿನ ಕೆಳಗೆ ಮೊದಲೇ ಇದ್ದ ಸೋಂಕಿನ ಪಾಲೂ ಅದರಲ್ಲಿ ದೊಡ್ಡದು.

ಮೇಲಿನ ದವಡೆಗಿಂತ ಕೆಳಗಿನ ದವಡೆಯಲ್ಲಿ ಇದು ಜಾಸ್ತಿ. ಹಲ್ಲು ಕೀಳಿಸದವರಿಗೂ ಬರುವುದುಂಟು. ಸರಿಯಾಗಿ ಕೂರದ ಹಲ್ಲಿನ ಸೆಟ್ ಒಂದೇ ಕಡೆ ಉಜ್ಜಿ ಉಜ್ಜಿ ವಸಡು ಹುಣ್ಣಾಗಿ, ಕೆಳಗಿನ ಮೂಳೆ ಕಾಣಿಸಿಕೊಂಡವರಿದ್ದಾರೆ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಬೀಡಿ-ಸಿಗರೇಟು ಇವು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಇದು ಗೊತ್ತಾದದ್ದು ಹೇಗೆ?

ಅಲೆಂಡ್ರೋನೇಟ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ದವಡೆಯ ತೊಂದರೆ ಬೆಳಕಿಗೆ ಬಂದದ್ದು 2003ರಲ್ಲಿ. ಮಯಾಮಿಯ ದವಡೆ ಸರ್ಜನ್ ರಾಬರ್ಟ್ ಮಾರ್ಕ್ಸ್ ಆ ವರ್ಷ 36 ರೋಗಿಗಳ ಬಗ್ಗೆ ಬರೆದರು. ಆಗ ಎಲ್ಲರೂ ಬಿಸ್‌ಫಾಸ್ಫೊನೇಟ್ ಒಂದನ್ನೇ ಬೊಟ್ಟು ಮಾಡಿದ್ದರು. 2010ರಲ್ಲಿ ಡೆನೋಸುಮ್ಯಾಬ್ ಬಂತು, ಅದರಲ್ಲೂ ಇದೇ ಕಾಣಿಸಿತು. ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಕೆಲವು ಕ್ಯಾನ್ಸರ್ ಮದ್ದುಗಳಲ್ಲೂ ಕಂಡಿತು. ಹಾಗಾಗಿ 2014ರಿಂದ ಇದಕ್ಕೆ "ಮದ್ದಿನಿಂದ ಆಗುವ ದವಡೆಯ ಆಸ್ಟಿಯೋನೆಕ್ರೋಸಿಸ್" ಎಂಬ ಹೆಸರು ಬಳಕೆಗೆ ಬಂತು. ಆಸ್ಟಿಯೋನೆಕ್ರೋಸಿಸ್ ಎಂದರೆ ಮೂಳೆಯ ಒಂದು ಭಾಗ ಸತ್ತುಹೋಗುವುದು. ಆಸ್ಪತ್ರೆಯ ಫೈಲಿನಲ್ಲಿ ಚುಟುಕಾಗಿ "ಎಂಆರ್‌ಒಎನ್‌ಜೆ" ಎಂದು ಬರೆದಿರುತ್ತಾರೆ.

ದವಡೆ ಹೀಗೆ ಸಾಯುವುದನ್ನು ಜಗತ್ತು ಇದಕ್ಕಿಂತ ಮೊದಲೂ ನೋಡಿತ್ತು. 19ನೇ ಶತಮಾನದಲ್ಲಿ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಉಸಿರಾಡಿದ ಕೆಲಸಗಾರರ ದವಡೆ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಕಾರ್ಖಾನೆಯೊಂದರ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ ಅವರ ಕಷ್ಟಗಳ ಸಾಲಿನಲ್ಲಿ ಇದೂ ಇತ್ತು. 1906ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು ಬಿಳಿ ರಂಜಕದ ಬೆಂಕಿಕಡ್ಡಿಯನ್ನು ನಿಷೇಧಿಸಲು ಒಪ್ಪಿದವು.

ಅನುಭವಿಸುವವರಿಗೆ ಗೊತ್ತಾಗುವುದು ಹೇಗೆ?

ಮೊದಲು ನಾಲಿಗೆಗೆ ಗೊತ್ತಾಗುತ್ತದೆ. ಹಲ್ಲು ಕಿತ್ತ ಜಾಗದಲ್ಲಿ ಏನೋ ಗಡಸು, ದೊರಗು. "ಡಾಕ್ಟ್ರೇ, ಹಲ್ಲಿನ ಚೂರು ಒಳಗೇ ಉಳಿದಿದೆ ಕಾಣ್ತದೆ, ನಾಲಿಗೆಗೆ ಚುಚ್ತದೆ" ಎಂದು ಬರುತ್ತಾರೆ. ನೋಡಿದರೆ ಅದು ಹಲ್ಲಲ್ಲ, ವಸಡಿನ ನಡುವೆ ಇಣುಕುವ ಹಳದಿ-ಬಿಳಿ ಬಣ್ಣದ ಮೂಳೆ. ಮುಟ್ಟಿದರೆ ನೋವಿಲ್ಲ, ಸತ್ತ ಮೂಳೆಗೆ ನೋವು ಎಲ್ಲಿಂದ? ನೋಯುವುದು ಅದರ ಸುತ್ತ ಊದಿದ ವಸಡು.

ಆಮೇಲೆ ಬಾಯಿ ವಾಸನೆ. ಎಷ್ಟು ಉಜ್ಜಿದರೂ ಹೋಗದ ವಾಸನೆ. ಈ ಕಾಯಿಲೆಯಲ್ಲಿ ಮನಸ್ಸಿಗೆ ತುಂಬ ತಟ್ಟುವುದು ಇದೇ ಎಂದು ನನಗನಿಸುತ್ತದೆ. ಪೂಜೆಗೆ, ಮದುವೆಗೆ ಹೋಗಲು ಹಿಂಜರಿಯುತ್ತಾರೆ. ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಲು ಸಂಕೋಚ. ಒಂದೇ ಬದಿಯಲ್ಲಿ ಜಗಿಯುತ್ತಾರೆ. ಮೀನಿನ ಮುಳ್ಳು ತಾಗುವ ಹೆದರಿಕೆಗೆ ಮೀನು ಬಿಡುತ್ತಾರೆ, ಕೊನೆಗೆ ಮೂರು ಹೊತ್ತೂ ಗಂಜಿ. ಕೆಲವರಿಗೆ ಕೆಳತುಟಿ, ಗಲ್ಲ ಜೋಮು ಹಿಡಿದ ಹಾಗಾಗುತ್ತದೆ. ಕೆಳದವಡೆಯೊಳಗೆ ಹೋಗುವ ನರಕ್ಕೆ ತೊಂದರೆಯಾದಾಗ ಹೀಗಾಗುತ್ತದೆ. ಜೋರಾದರೆ ಗಲ್ಲದ ಹೊರಗೇ ತೂತಾಗಿ ಕೀವು ಬರಬಹುದು, ದವಡೆ ಮುರಿಯಲೂಬಹುದು.

ಹಲ್ಲು ಕಿತ್ತ ಮೇಲೆ ಎರಡು-ಮೂರು ದಿನಕ್ಕೆ ಜೋರು ನೋವು ಬಂದರೆ ಅದು ಬೇರೆ. ಅದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ, ಹೆಚ್ಚಾಗಿ ವಾರ-ಹತ್ತು ದಿನದಲ್ಲಿ ಇಳಿಯುತ್ತದೆ. ದವಡೆಯ ಮೂಳೆ ಸತ್ತಿದೆ ಎಂದು ಹೇಳಲು ಡಾಕ್ಟರು ನೋಡುವುದು ಮೂರು ವಿಷಯ: ಈ ಮದ್ದುಗಳಲ್ಲಿ ಒಂದನ್ನು ತೆಗೆದುಕೊಂಡಿರಬೇಕು, ಮೂಳೆ ಎಂಟು ವಾರಕ್ಕಿಂತ ಹೆಚ್ಚು ಕಾಲ ಹೊರಗೆ ಕಾಣುತ್ತಿರಬೇಕು, ದವಡೆಗೆ ರೇಡಿಯೇಶನ್ ಕೊಟ್ಟಿರಬಾರದು. ಹಾಗೆಂದು ಎಂಟು ವಾರ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರು ನಮ್ಮಲ್ಲಿ ಬಹಳ. ಮಾಸದ ಹುಣ್ಣು ಬಾಯಿಯ ಕ್ಯಾನ್ಸರ್ ಕೂಡ ಆಗಿರಬಹುದು. ಎರಡು ವಾರದಲ್ಲಿ ಮಾಸದಿದ್ದರೆ ತೋರಿಸಲೇಬೇಕು.

ಎಷ್ಟು ಮಂದಿಗೆ ಹೀಗಾಗುತ್ತದೆ?

ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುವ 10,000 ಮಂದಿಯಲ್ಲಿ ಸುಮಾರು 2ರಿಂದ 5 ಮಂದಿಗೆ. ಆರು ತಿಂಗಳ ಡೆನೋಸುಮ್ಯಾಬ್‌ನಲ್ಲಿ ಇದಕ್ಕಿಂತ ಜಾಸ್ತಿ, 1,000 ಮಂದಿಗೆ 3ರಷ್ಟು ಎಂಬ ಲೆಕ್ಕವಿದೆ. ಕ್ಯಾನ್ಸರಿಗೆಂದು ದೊಡ್ಡ ಪ್ರಮಾಣದಲ್ಲಿ, ಪದೇ ಪದೇ ಕೊಡುವಾಗ ಅದು 100ಕ್ಕೆ 5ರವರೆಗೂ ಹೋಗಬಹುದು. ನೆನಪಿಟ್ಟುಕೊಳ್ಳಿ ಎಂದದ್ದು ಈ ವ್ಯತ್ಯಾಸವನ್ನೇ. ಪಕ್ಕದ ಮನೆಯ ಕ್ಯಾನ್ಸರ್ ರೋಗಿಗೆ ಆದದ್ದನ್ನು ಕೇಳಿ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವ ಅಜ್ಜಿ ಗಾಬರಿಯಾಗಬೇಕಿಲ್ಲ.

ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದೂ ನೋಡಬೇಕು, ಅಲ್ವಾ? 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಸಿಡ್ ಪಡೆದ ಹೆಂಗಸರಲ್ಲಿ, ಮೂರು ವರ್ಷದಲ್ಲಿ, ಬೆನ್ನುಮೂಳೆ ಮುರಿತ ಶೇ. 70ರಷ್ಟು, ಸೊಂಟದ ಮುರಿತ ಶೇ. 41ರಷ್ಟು ಕಡಿಮೆಯಾಗಿತ್ತು. ವಯಸ್ಸಾದವರ ಸೊಂಟ ಮುರಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲದ್ದಲ್ಲ. ಮಂಚ ಹಿಡಿದವರು ಎಷ್ಟೋ ಮಂದಿ ಮತ್ತೆ ಮೊದಲಿನ ಹಾಗೆ ಓಡಾಡಲೇ ಇಲ್ಲ.

ಹಾಗಾದರೆ ಇಂಜೆಕ್ಷನ್ ನಿಲ್ಲಿಸಿಬಿಡೋಣವೇ?

ಡಾಕ್ಟರನ್ನು ಕೇಳದೆ ಖಂಡಿತ ಬೇಡ. ಇಲ್ಲಿ ಎರಡು ಮದ್ದುಗಳ ಸ್ವಭಾವ ಪೂರಾ ಬೇರೆ.

ಬಿಸ್‌ಫಾಸ್ಫೊನೇಟ್ ಮೂಳೆಯೊಳಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಹಲ್ಲು ಕೀಳಿಸುವ ಮೊದಲು ನಾಲ್ಕು ವಾರ ಮಾತ್ರೆ ಬಿಟ್ಟರೆ ಅದು ಮೂಳೆಯಿಂದ ಹೋಗಿಬಿಡುವುದಿಲ್ಲ. ಮಾತ್ರೆಗೆ ಸ್ವಲ್ಪ ಬಿಡುವು ಕೊಡಬೇಕೇ ಬೇಡವೇ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಆದ್ದರಿಂದ ಆ ತೀರ್ಮಾನ ನಿಮ್ಮನ್ನು ನೋಡುವ ಡಾಕ್ಟರಿಗೇ ಇರಲಿ.

ಡೆನೋಸುಮ್ಯಾಬ್ ಹಾಗಲ್ಲ. ಅದು ಮೂಳೆಯಲ್ಲಿ ಉಳಿಯುವುದಿಲ್ಲ. ಆರು ತಿಂಗಳಾಗುತ್ತಿದ್ದಂತೆ ಅದರ ಶಕ್ತಿ ಇಳಿಯುತ್ತದೆ. ಆಗ ಅಲ್ಲಿಯವರೆಗೆ ತಡೆದಿಟ್ಟ ಕರಗುವ ಕೆಲಸ ಒಮ್ಮೆಲೇ ಜೋರಾಗಿ ಶುರುವಾಗುತ್ತದೆ. ಮುಂದಿನ ಇಂಜೆಕ್ಷನ್ ತಡವಾದರೆ, ಅಥವಾ ಬದಲಿಗೆ ಬೇರೆ ಮದ್ದು ಕೊಡದೆ ನಿಲ್ಲಿಸಿದರೆ, ಬೆನ್ನುಮೂಳೆಯ ಮಣಿಗಳು ಒಂದರ ಹಿಂದೊಂದು ಕುಸಿಯಬಹುದು. ದವಡೆಯ ಹೆದರಿಕೆಗೆ ಈ ಇಂಜೆಕ್ಷನ್ ಬಿಟ್ಟು ಬೆನ್ನು ಕಳೆದುಕೊಳ್ಳುವುದು ತುಂಬ ದುಬಾರಿ. ಹಲ್ಲು ಕೀಳಲೇಬೇಕಾದರೆ ಹೆಚ್ಚಿನ ಡಾಕ್ಟರುಗಳು ಕೊನೆಯ ಇಂಜೆಕ್ಷನ್ ಆಗಿ ಮೂರು-ನಾಲ್ಕು ತಿಂಗಳಾದ ಸಮಯ ನೋಡಿಕೊಳ್ಳುತ್ತಾರೆ. ಆಗ ಗಾಯ ಮಾಸಲು ಸಮಯ ಸಿಗುತ್ತದೆ, ಮುಂದಿನ ಇಂಜೆಕ್ಷನ್ ತಪ್ಪುವುದೂ ಇಲ್ಲ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ

ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲಿ. ನಮ್ಮ ಕ್ಲಿನಿಕ್ಕುಗಳಲ್ಲಿ ಮಾತುಕತೆ ನಡೆಯುವುದು ಹೀಗೆ:

"ಯಾವ ಮದ್ದು ತಗೊಳ್ತಾ ಇದ್ದೀರಿ ಅಮ್ಮಾ?"

"ಬಿಪಿದು ಒಂದು, ಶುಗರಿದು ಒಂದು. ಅಷ್ಟೇ ಡಾಕ್ಟ್ರೇ."

"ಎಲುಬಿಗೆ ಇಂಜೆಕ್ಷನ್ ಏನಾದ್ರೂ ಉಂಟಾ?"

"ಅದಾ? ಅದು ಮದ್ದಲ್ಲ, ವರ್ಷಕ್ಕೊಮ್ಮೆ ಡ್ರಿಪ್ ಹಾಕಿದ್ದು. ಈಗ ಏನೂ ಇಲ್ಲ."

ಅಮ್ಮ ಸುಳ್ಳು ಹೇಳುತ್ತಿಲ್ಲ. ದಿನವೂ ನುಂಗುವುದನ್ನು ಮಾತ್ರ ನಾವು ಮದ್ದು ಎಂದು ಲೆಕ್ಕ ಹಿಡಿಯುತ್ತೇವೆ. ವರ್ಷದ ಹಿಂದೆ ಎರಡು ತಾಸು ಆಸ್ಪತ್ರೆಯಲ್ಲಿ ಮಲಗಿ ಹಾಕಿಸಿಕೊಂಡ ಡ್ರಿಪ್ ಯಾರ ನೆನಪಿಗೂ ಬರುವುದಿಲ್ಲ. ಎಲುಬಿನ ಡಾಕ್ಟರ ಫೈಲು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಹಲ್ಲಿನದು ಇನ್ನೊಂದರಲ್ಲಿ. ಎರಡೂ ಒಂದೇ ಕಪಾಟಿನಲ್ಲಿದ್ದರೂ ಒಬ್ಬರ ಫೈಲು ಇನ್ನೊಬ್ಬರು ನೋಡುವುದಿಲ್ಲ. ಆ ಎರಡನ್ನೂ ಒಟ್ಟು ಮಾಡಬೇಕಾದವರು ಮನೆಯವರೇ. ಡಿಸ್ಚಾರ್ಜ್ ಕಾಗದದಲ್ಲಿ ಮದ್ದಿನ ಹೆಸರು ಇದ್ದೇ ಇರುತ್ತದೆ. ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಇಂಜೆಕ್ಷನ್ ಕೊಟ್ಟ ತಾರೀಕನ್ನೂ ಬರೆದಿಟ್ಟುಕೊಳ್ಳಿ.

ಇಂಜೆಕ್ಷನ್ ಇನ್ನೂ ಶುರುವಾಗಿಲ್ಲವೇ? ಹಾಗಾದರೆ ಇದೇ ಒಳ್ಳೆಯ ಸಮಯ. ಮೊದಲು ಹಲ್ಲು ತೋರಿಸಿ. ಉಳಿಸಲಾಗದ ಹಲ್ಲು ಇದ್ದರೆ ಈಗಲೇ ಕೀಳಿಸಿ, ವಸಡು ಮುಚ್ಚಿಕೊಳ್ಳಲು ಎರಡು-ಮೂರು ವಾರ ಬಿಟ್ಟು ಆಮೇಲೆ ಇಂಜೆಕ್ಷನ್ ಶುರು ಮಾಡಬಹುದೇ ಎಂದು ಎಲುಬಿನ ಡಾಕ್ಟರನ್ನು ಕೇಳಿ. ಕ್ಯಾನ್ಸರ್ ರೋಗಿಗಳಿಗಂತೂ ಇದು ಬಹಳ ಮುಖ್ಯ. ಚುಚ್ಚುವ ಹಲ್ಲಿನ ಸೆಟ್ ಇದ್ದರೆ ಅದನ್ನೂ ಸರಿ ಮಾಡಿಸಿ.

ಈಗಾಗಲೇ ಶುರುವಾಗಿದ್ದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಹಲ್ಲು ಸ್ವಚ್ಛ ಮಾಡಿಸುವುದು, ಹುಳುಕು ತುಂಬಿಸುವುದು, ರೂಟ್ ಕೆನಾಲ್ ಇವೆಲ್ಲ ಮಾಡಿಸಬಹುದು. ಕೀಳುವ ಬದಲು ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಲು ಸಾಧ್ಯವೇ ಎಂದು ಡಾಕ್ಟರೇ ಮೊದಲು ನೋಡುತ್ತಾರೆ. ಮೂಳೆ ಸವೆತಕ್ಕೆ ಮಾತ್ರ ಮದ್ದು ತೆಗೆದುಕೊಳ್ಳುವವರಿಗೆ ಹಲ್ಲು ಕೀಳಲೇಬಾರದು ಎಂದೇನಿಲ್ಲ. ಹೆಚ್ಚಿನವರಿಗೆ ಗಾಯ ಸರಿಯಾಗಿಯೇ ಮಾಸುತ್ತದೆ. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುವವರು ಹಲ್ಲು ಕೀಳಿಸುವುದನ್ನು, ಇಂಪ್ಲಾಂಟ್ ಹಾಕಿಸುವುದನ್ನು ಆದಷ್ಟು ತಪ್ಪಿಸಬೇಕು.

ದವಡೆಯ ಬೇರೆ ತೊಂದರೆಗಳು

ಮದ್ದಿನಿಂದ ಬಾಯಿಗೆ ಆಗುವುದೆಲ್ಲ ಇದೇ ಅಲ್ಲ. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್‌ನಿಂದ ಕೆಲವರಿಗೆ, ಅದರಲ್ಲೂ ಚಿಕ್ಕ ಪ್ರಾಯದವರಿಗೆ, ಇದ್ದಕ್ಕಿದ್ದಂತೆ ದವಡೆ ಹಿಡಿದುಕೊಂಡು ಕುತ್ತಿಗೆ ತಿರುಚಿಕೊಳ್ಳುತ್ತದೆ. ನೋಡಲು ಭಯವಾಗುತ್ತದೆ, ಆದರೆ ಆಸ್ಪತ್ರೆಗೆ ಹೋದರೆ ಒಂದು ಇಂಜೆಕ್ಷನ್‌ಗೆ ಬೇಗ ಇಳಿಯುತ್ತದೆ. ಅಪಸ್ಮಾರದ ಫೆನಿಟಾಯಿನ್, ಬಿಪಿಯ ಆಮ್ಲೋಡಿಪಿನ್ ಕೆಲವರಿಗೆ ವಸಡು ಊದಿಸುತ್ತವೆ. ಇವು ಯಾವುದರಲ್ಲೂ ಮೂಳೆ ಸಾಯುವುದಿಲ್ಲ.

ದವಡೆಯ ಮೂಳೆ ಸತ್ತುಬಿಟ್ಟರೆ ಏನು ಚಿಕಿತ್ಸೆ?

ಶುರುವಿನಲ್ಲಿ, ನೋವು-ಕೀವು ಇಲ್ಲದಾಗ, ಕ್ಲೋರ್‌ಹೆಕ್ಸಿಡಿನ್ ನೀರಿನಿಂದ ಬಾಯಿ ಮುಕ್ಕಳಿಸಿ ಸ್ವಚ್ಛವಾಗಿಡುವುದೇ ಮುಖ್ಯ. ಸೋಂಕು ಸೇರಿದರೆ ಆ್ಯಂಟಿಬಯೋಟಿಕ್. ಸತ್ತ ಚೂರು ಸುತ್ತಲಿನ ಒಳ್ಳೆಯ ಮೂಳೆಯಿಂದ ಬಿಟ್ಟುಕೊಂಡು ಅಲುಗಾಡಲು ಶುರುವಾದರೆ ಡಾಕ್ಟರು ಅದನ್ನು ತೆಗೆಯುತ್ತಾರೆ. ಕೆಲವರಿಗೆ ಅದು ಒಂದು ದಿನ ಊಟ ಮಾಡುವಾಗ ತಾನೇ ಕೈಗೆ ಬರುತ್ತದೆ. ಅದನ್ನು ಬಿಸಾಡದೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಕುಳಿತು ಕೈಯಿಂದ ಎಳೆಯುವುದು, ಸೂಜಿಯಿಂದ ಕೆದಕುವುದು ಬೇಡ. ಲವಂಗದೆಣ್ಣೆ ಹಚ್ಚಿದರೆ ತಾತ್ಕಾಲಿಕವಾಗಿ ನೋವು ಕಮ್ಮಿ ಅನಿಸಬಹುದು, ಮೂಳೆಗೆ ಅದರಿಂದ ಏನೂ ಆಗುವುದಿಲ್ಲ. ಇವಕ್ಕೆಲ್ಲ ಬಗ್ಗದಿದ್ದರೆ ಸತ್ತ ಭಾಗವನ್ನು ಆಪರೇಶನ್ ಮಾಡಿ ತೆಗೆದು, ಮೇಲೆ ವಸಡು ಹೊಲಿಯುತ್ತಾರೆ. ಮೊದಲೆಲ್ಲ ಆಪರೇಶನ್ ಕೊನೆಯ ದಾರಿ ಎನ್ನುತ್ತಿದ್ದರು. ಈಗ ಬೇಗ ಮಾಡಿದರೂ ಒಳ್ಳೆಯ ಫಲ ಸಿಗುತ್ತದೆ ಎಂದು ತಜ್ಞರು ಹೇಳುತ್ತಾರೆ.

ಇದನ್ನು ನೋಡುವವರು ಓರಲ್ ಆ್ಯಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್, ಅಂದರೆ ಬಾಯಿ-ದವಡೆಯ ಸರ್ಜನ್. ಈ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಅನುಕೂಲವಿದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ, ಸುಳ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಈ ವಿಭಾಗವೂ ಇರುತ್ತದೆ. ಹೋಗುವಾಗ ಮದ್ದಿನ ಕಾಗದದ ಜೊತೆ ಹಲ್ಲಿನ ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ. ದವಡೆಯ ಪೂರ್ತಿ ಚಿತ್ರ ಬರುವ ಓಪಿಜಿ ಎಂಬ ಎಕ್ಸ್‌ರೇ ಅಲ್ಲಿ ತೆಗೆಯುತ್ತಾರೆ. ಹಳೆಯದರ ಪಕ್ಕ ಅದನ್ನು ಇಟ್ಟು ನೋಡಿದರೆ ಮೂಳೆ ಎಲ್ಲಿಂದ ಎಲ್ಲಿಯವರೆಗೆ ಬದಲಾಗಿದೆ ಎಂದು ಡಾಕ್ಟರಿಗೆ ಬೇಗ ತಿಳಿಯುತ್ತದೆ.